ಅಘನಾಶಿನಿ: ಘಟ್ಟದ ಕಾಡಿನಿಂದ ಅಳಿವೆಯ ಬಳಚಿನವರೆಗೆ ಒಂದು ನದಿಯನ್ನು ಜನ ಕಾಯುತ್ತಿರುವ ಬಗೆ

2024ರ ಜನವರಿಯ ಕೊನೆಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಅಂದರೆ ರಾಮ್‌ಸಾರ್ ಪಟ್ಟಿಗೆ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರಗಳಿಗೂ ಆಗಲೇ ಈ ಮಾನ್ಯತೆ ದೊರೆಯಿತು. ಆ ಸುದ್ದಿಯ ಬೆನ್ನಿಗೇ ಅಘನಾಶಿನಿಯ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾವದ ಮಾತು ಕೇಳಿಬಂದು, ಶಿರಸಿ, ಸಿದ್ದಾಪುರ, ಕುಮಟಾ ತಾಲ್ಲೂಕುಗಳಲ್ಲಿ ಸಭೆ, ಪಾದಯಾತ್ರೆ, ಮನವಿಗಳು ಆರಂಭವಾದವು. ಒಂದು ನದಿಯ ಕೊನೆಯನ್ನು ಕಾಪಾಡಬೇಕೆಂದು ಜಗತ್ತಿಗೆ ಮಾತು ಕೊಟ್ಟು, ಅದೇ ನದಿಯ ನಡುವಿನ ನೀರನ್ನು ಬೇರೆಡೆಗೆ ಒಯ್ಯುವ ಯೋಚನೆಯನ್ನೂ ಮಾಡಿದರೆ ಏನಾಗುತ್ತದೆ ಎಂಬ ಪ್ರಶ್ನೆ ಹೀಗೆ ಎದ್ದಿದೆ. ಮಳೆಗಾಲದಲ್ಲಿ ಹೇಗೂ ಸಮುದ್ರ ಸೇರುವ ನೀರಿಗಾಗಿ ಇಷ್ಟೊಂದು ಆತಂಕ ಏಕೆ ಎಂದು ಕೇಳುವವರೂ ಇದ್ದಾರೆ. ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕಬೇಕಾದರೆ ನದಿ ಹರಿಯುವ ದಾರಿಯನ್ನೂ ಅದು ಕಡಲನ್ನು ಸೇರುವಲ್ಲಿ ನಡೆಯುವ ವ್ಯಾಪಾರವನ್ನೂ ತಿಳಿದುಕೊಳ್ಳಬೇಕು.

ನದಿಯ ದಾರಿ

ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಹುಟ್ಟುವ ಒಂದು ಹಳ್ಳ, ಮಂಜುಗುಣಿಯ ಕಡೆಯಿಂದ ಬರುವ ಇನ್ನೊಂದು ಹೊಳೆ, ಇವೆರಡೂ ಕೂಡಿ ಅಘನಾಶಿನಿಯಾಗುತ್ತದೆ. ಅಡಕೆ ತೋಟ, ಬೆಟ್ಟ, ಕಾನುಗಳ (ದಟ್ಟ ಹಸಿರು ಕಾಡುಗಳ) ನಡುವೆ ಹರಿದು, ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಸುಮಾರು 116 ಮೀಟರ್ ಎತ್ತರದಿಂದ ಧುಮುಕಿ, ಅಲ್ಲಿಂದ ಆಳವಾದ ಕಣಿವೆಯೊಳಗೆ ಇಳಿದು, ಉಪ್ಪಿನಪಟ್ಟಣದ ಆಸುಪಾಸಿನಲ್ಲಿ ಬಯಲಿಗೆ ಬಂದು ಅಗಲವಾಗುತ್ತದೆ. ಮುಂದೆ ದೀವಗಿ, ಮಿರ್ಜಾನ, ಹೆಗಡೆ, ಮಾಸೂರು, ಐಗಳಕುರ್ವೆಗಳನ್ನು ದಾಟಿ, ಒಂದು ದಡದಲ್ಲಿ ತದಡಿ, ಇನ್ನೊಂದು ದಡದಲ್ಲಿ ನದಿಯದೇ ಹೆಸರಿನ ಅಘನಾಶಿನಿ ಗ್ರಾಮ ಇರುವಲ್ಲಿ ಅರಬ್ಬೀ ಸಮುದ್ರವನ್ನು ಕೂಡುತ್ತದೆ. ಒಟ್ಟು ದೂರ ಸುಮಾರು 120 ಕಿಲೋಮೀಟರಿನಷ್ಟು. ಕೃಷ್ಣೆ, ಕಾವೇರಿಗಳ ಲೆಕ್ಕದಲ್ಲಿ ಇದು ಚಿಕ್ಕ ಹೊಳೆ. ಆದರೆ ಹುಟ್ಟಿನಿಂದ ಕೊನೆಯವರೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲದೆ, ಕೊಳೆಯನ್ನು ಸುರಿಯುವ ದೊಡ್ಡ ಕಾರ್ಖಾನೆಯೂ ಇಲ್ಲದೆ ಹರಿಯುವ ನದಿಗಳು ಪಶ್ಚಿಮ ಕರಾವಳಿಯಲ್ಲಿ ಈಗ ಬಹಳ ಕಡಿಮೆ. ಅದೇ ಇದರ ಹೆಚ್ಚುಗಾರಿಕೆ.

ಅಳಿವೆ ಎಂದರೇನು?

ನದಿಯ ಸಿಹಿನೀರು, ಕಡಲಿನ ಉಪ್ಪುನೀರು ಕಲೆಯುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಕಡಲ ನೀರಿನಲ್ಲಿ ಸಾವಿರ ಪಾಲಿಗೆ ಸುಮಾರು 35 ಪಾಲು ಉಪ್ಪಿರುತ್ತದೆ. ನದಿಯ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅಳಿವೆಯಲ್ಲಿ ಇವೆರಡರ ನಡುವಿನ ಎಲ್ಲ ಪ್ರಮಾಣಗಳೂ ಇರುತ್ತವೆ, ಮತ್ತು ಅವು ಒಂದೇ ಕಡೆ ನಿಂತಿರುವುದಿಲ್ಲ. ದಿನಕ್ಕೆ ಎರಡು ಸಲ ಭರತ ಬಂದಾಗ ಉಪ್ಪುನೀರು ಒಳನಾಡಿನ ಕಡೆಗೆ ನುಗ್ಗುತ್ತದೆ. ಇಳಿತದಲ್ಲಿ ಹಿಂದೆ ಸರಿಯುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಅಳಿವೆಯ ಬಾಯಿಯವರೆಗೂ ಹೆಚ್ಚು ಕಡಿಮೆ ಸಿಹಿನೀರೇ ಆಗಿಬಿಡುತ್ತದೆ. ಬೇಸಗೆಯಲ್ಲಿ ಹೊಳೆ ಬಡವಾದಂತೆ ಉಪ್ಪು ಮೇಲಕ್ಕೆ ಮೇಲಕ್ಕೆ ಏರುತ್ತದೆ.

ಗೋಕರ್ಣದ ಕೋಟಿತೀರ್ಥದ ಮೆಟ್ಟಿಲುಗಳನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಬ್ಬೊಬ್ಬರು ತಮಗೆ ಹೊಂದುವ ಮೆಟ್ಟಿಲಿನ ಮೇಲೆ ನಿಂತು ಸ್ನಾನ ಮಾಡುತ್ತಾರೆ. ನೀರು ಏರಿದರೆ ಒಂದು ಮೆಟ್ಟಿಲು ಮೇಲೆ, ಇಳಿದರೆ ಒಂದು ಮೆಟ್ಟಿಲು ಕೆಳಗೆ. ಅಳಿವೆಯಲ್ಲಿ ಮೆಟ್ಟಿಲುಗಳೆಂದರೆ ಉಪ್ಪಿನ ಪ್ರಮಾಣಗಳು. ಬಳಚು ಎಂದರೆ ಎರಡು ಚಿಪ್ಪಿನ ಜೀವಿ; ಕಡಿಮೆ ಉಪ್ಪನ್ನು ಬಯಸುವ ಬಳಚಿನ ಜಾತಿ ಒಳಗಿನ ಕೆಸರಿನಲ್ಲಿ, ಹೆಚ್ಚು ಉಪ್ಪು ಬೇಕಾದದ್ದು ಬಾಯಿಯ ಹತ್ತಿರದ ಮರಳಿನಲ್ಲಿ, ಬಂಡೆಗಂಟುವ ಕಲ್ಗ ಮತ್ತು ನೀಲಿಕಲ್ಲು ಎಂಬ ಚಿಪ್ಪುಜೀವಿಗಳು ತಮ್ಮ ತಮ್ಮ ಜಾಗಗಳಲ್ಲಿ ಹೀಗೆ ಹಂಚಿಕೊಂಡು ಬದುಕುತ್ತವೆ. ಸಿಗಡಿ ಮತ್ತು ಅನೇಕ ಮೀನುಗಳ ಮರಿಗಳು ಕಡಲಿನಿಂದ ಒಳಗೆ ಬಂದು, ಈ ಹದವಾದ ನೀರಿನಲ್ಲಿ ಬೆಳೆದು, ಮತ್ತೆ ಕಡಲಿಗೆ ಹೋಗುತ್ತವೆ. ಆದ್ದರಿಂದ ಕಡಲಲ್ಲಿ ಬಲೆ ಬೀಸುವವನ ಪಾಲಿನ ಮೀನು ಎಷ್ಟೋ ಸಲ ಅಳಿವೆಯಲ್ಲೇ ದೊಡ್ಡದಾಗಿರುತ್ತದೆ.

ಕಾನೂನು ಕೂಡ ಅಳಿವೆಯನ್ನು ಉಪ್ಪಿನಿಂದಲೇ ಅಳೆಯುತ್ತದೆ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ, ವರ್ಷದ ಅತ್ಯಂತ ಒಣ ದಿನಗಳಲ್ಲಿ ಅಳೆದಾಗ ಸಾವಿರಕ್ಕೆ 5 ಪಾಲು ಉಪ್ಪು ಎಲ್ಲಿಯವರೆಗೆ ಕಾಣುತ್ತದೆಯೋ ಅಲ್ಲಿಯವರೆಗಿನ ಹೊಳೆಯ ದಡಗಳಿಗೂ ಕರಾವಳಿಯ ನಿಯಮಗಳೇ ಅನ್ವಯಿಸುತ್ತವೆ.

ಪಕ್ಕದ ಶರಾವತಿ ಕಲಿಸಿದ್ದು

ಅಣೆಕಟ್ಟು ಕಟ್ಟಿದರೆ ಅಳಿವೆಗೆ ನೀರು ಕಡಿಮೆಯಾಗುತ್ತದೆ, ಅಷ್ಟೇ ತೊಂದರೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹೊನ್ನಾವರದ ಶರಾವತಿಯಲ್ಲಿ ಆದದ್ದು ಅದಕ್ಕೆ ತಿರುವುಮುರುವು. ಲಿಂಗನಮಕ್ಕಿಯಲ್ಲಿ ಮಳೆಗಾಲದ ನೀರನ್ನು ಹಿಡಿದಿಟ್ಟು, ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವುದರಿಂದ, ಬೇಸಗೆಯಲ್ಲೂ ಅಳಿವೆಗೆ ಸಿಹಿನೀರು ಬರುತ್ತಲೇ ಇರುತ್ತದೆ. ಉಪ್ಪು ಮೇಲೇರಬೇಕಾದ ಕಾಲದಲ್ಲಿ ಏರುವುದಿಲ್ಲ. ಉಪ್ಪಿಗೆ ಹೊಂದಿಕೊಂಡಿದ್ದ ಬಳಚಿನ ಜಾತಿಗಳು ಅಲ್ಲಿ ಬಹುಮಟ್ಟಿಗೆ ಮರೆಯಾದವು, ಮೀನಿನ ವೈವಿಧ್ಯವೂ ತಗ್ಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಶ್ಚಂದ್ರನ್ ಮತ್ತು ಅವರ ಸಂಗಡಿಗರು ಉತ್ತರ ಕನ್ನಡದ ಅಳಿವೆಗಳನ್ನು ಹೋಲಿಸಿ ನೋಡಿದಾಗ, ಅಣೆಕಟ್ಟಿರುವ ಕಾಳಿ ಮತ್ತು ಶರಾವತಿಗಿಂತ ಅಣೆಕಟ್ಟಿಲ್ಲದ ಗಂಗಾವಳಿ ಮತ್ತು ಅಘನಾಶಿನಿಗಳು ಜೀವಸಂಪತ್ತಿನಲ್ಲಿ ಮುಂದಿರುವುದನ್ನು ಕಂಡರು.

ಅಂದರೆ ಅಳಿವೆಗೆ ಬೇಕಾದದ್ದು ಇಷ್ಟು ನೀರು ಎಂಬ ಒಂದು ಅಂಕಿಯಲ್ಲ. ಯಾವ ತಿಂಗಳಲ್ಲಿ ಎಷ್ಟು ನೀರು, ಯಾವ ತಿಂಗಳಲ್ಲಿ ಎಷ್ಟು ಉಪ್ಪು, ಜೊತೆಗೆ ಎಷ್ಟು ಹೂಳು ಎಂಬ ಒಟ್ಟು ಲಯ ಅದಕ್ಕೆ ಬೇಕು. ಈ ಒಂದು ಮಾತು ಮನದಟ್ಟಾದರೆ, ಘಟ್ಟದ ಮೇಲಿನ ರೈತ ಮತ್ತು ತದಡಿಯ ಮೀನುಗಾರ ಒಂದೇ ಮನವಿಗೆ ಸಹಿ ಹಾಕುತ್ತಿರುವುದು ಏಕೆಂದು ತಿಳಿಯುತ್ತದೆ.

ಬಳಚು: ಮುಳುಗಿರುವ ಬೆಳೆ

ಇಳಿತದ ಹೊತ್ತಿನಲ್ಲಿ ಕುಮಟಾ ತಾಲ್ಲೂಕಿನ ಅಳಿವೆಯ ದಿಬ್ಬಗಳ ಮೇಲೆ ಬುಟ್ಟಿ ಹಿಡಿದ ಹೆಂಗಸರೂ ಗಂಡಸರೂ ಮೊಣಕಾಲಿನ ನೀರಿನಲ್ಲಿ ಬಗ್ಗಿ, ಕೈಯಿಂದಲೂ ಕಾಲಿನಿಂದಲೂ ಮರಳು ತಡವಿ ಬಳಚು ಆರಿಸುತ್ತಾರೆ. ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು, ಗಾಮೊಕ್ಕಲು, ಮುಸ್ಲಿಮರು, ಹೀಗೆ ಹಲವು ಸಮುದಾಯದವರು ಇದರಲ್ಲಿದ್ದಾರೆ. ಬಂಡವಾಳವೆಂದರೆ ಒಂದು ಬುಟ್ಟಿ, ಹೆಚ್ಚೆಂದರೆ ಒಂದು ಸಣ್ಣ ದೋಣಿ. ಭೂಮಿಯಿಲ್ಲದ ಮನೆಗೂ ದಿನದ ಅನ್ನ ಹುಟ್ಟಿಸುವ ಕಸುಬು ಇದು. ಮೇಲೆ ಹೇಳಿದ ವಿಜ್ಞಾನಿಗಳ ಅಂದಾಜಿನಂತೆ, ಅವರು ಅಧ್ಯಯನ ನಡೆಸಿದ ಕಾಲದಲ್ಲಿ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಬಳಚು ಮೇಲೆ ಬರುತ್ತಿತ್ತು, ಅದರ ಬೆಲೆ 5 ಕೋಟಿ 78 ಲಕ್ಷ ರೂಪಾಯಿಯಷ್ಟಾಗುತ್ತಿತ್ತು, ನೇರವಾಗಿ 2,300ಕ್ಕೂ ಹೆಚ್ಚು ಜನ ಇದರಿಂದ ಬದುಕುತ್ತಿದ್ದರು. ಇದಿಷ್ಟೂ ಯಾರೂ ಬಿತ್ತದ, ಗೊಬ್ಬರ ಹಾಕದ ಬೆಳೆ.

ಎರಡು ಚಿಪ್ಪುಗಳ ನಡುವಿನ ಈ ಜೀವಿಗಳು ನೀರನ್ನು ಒಳಗೆ ಎಳೆದುಕೊಂಡು, ಅದರಲ್ಲಿರುವ ಸೂಕ್ಷ್ಮ ಸಸ್ಯಗಳನ್ನೂ ಕೊಳೆತ ಕಣಗಳನ್ನೂ ಸೋಸಿ ತಿಂದು, ತಿಳಿನೀರನ್ನು ಹೊರಬಿಡುತ್ತವೆ. ಆದ್ದರಿಂದ ಬಳಚಿನ ದಿಬ್ಬ ಆರೋಗ್ಯವಾಗಿದ್ದರೆ ನೀರೂ ತಿಳಿಯಾಗಿರುತ್ತದೆ. ಆದರೆ ಇದೇ ಗುಣದಿಂದಾಗಿ ನೀರಿಗೆ ಸೇರಿದ ವಿಷವೂ ರೋಗಾಣುಗಳೂ ಅವುಗಳ ಮೈಯಲ್ಲಿ ಸಂಗ್ರಹವಾಗುತ್ತವೆ. ಮೇಲಿನ ಊರಿನ ಚರಂಡಿ ಹೊಳೆಗೆ ಸೇರಿದರೆ, ಅದರ ಪರಿಣಾಮ ಕೆಳಗಿನ ಊರಿನ ತಟ್ಟೆಗೆ ಬರುವುದು ಹೀಗೆ.

ಬಳಚಿಗೆ ಅಪಾಯ ಎರಡು ದಿಕ್ಕಿನಿಂದ ಬರುತ್ತದೆ. ಮರಳು ಮತ್ತು ಚಿಪ್ಪಿಗಾಗಿ ತಳವನ್ನೇ ಅಗೆಯುವುದು ಒಂದು. ಸತ್ತ ಬಳಚಿನ ಚಿಪ್ಪು ಸುಣ್ಣಕ್ಕೆ, ಕೋಳಿ ಆಹಾರಕ್ಕೆ ಬೇಕು. ಯಂತ್ರ ಹಚ್ಚಿ ಅದನ್ನು ತೆಗೆಯುವಾಗ ಜೀವಂತ ಮರಿಗಳೂ ಅವು ನೆಲೆಯೂರುವ ತಳವೂ ಒಟ್ಟಿಗೆ ಹೋಗುತ್ತವೆ. ಮರಳು ತೆಗೆದು ಹೊಳೆ ಆಳವಾದರೆ ಬೇಸಗೆಯಲ್ಲಿ ಉಪ್ಪುನೀರು ಇನ್ನೂ ಒಳಗೆ ನುಗ್ಗಿ, ದಡದ ಬಾವಿಗಳನ್ನೂ ಕೆಡಿಸುತ್ತದೆ. ಎರಡನೆಯದು, ಬೆಳೆಯುವ ಮೊದಲೇ ಸಣ್ಣ ಬಳಚನ್ನು ಆರಿಸಿಬಿಡುವುದು. ಹೊರ ಊರುಗಳ ಬೇಡಿಕೆ ಹೆಚ್ಚಿದಂತೆ ಈ ಒತ್ತಡವೂ ಹೆಚ್ಚುತ್ತದೆ.

ಎರಡನೆಯ ಅಪಾಯಕ್ಕೆ ಪರಿಹಾರ ಊರಿನವರ ಕೈಯಲ್ಲೇ ಇದೆ ಎಂಬುದಕ್ಕೆ ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರು ಸಾಕ್ಷಿಯಾಗಿದೆ. ಅಘನಾಶಿನಿಯಲ್ಲೂ ಸಿಗುವ ಒಂದು ಬಳಚಿನ ಜಾತಿಗೆ ಅಲ್ಲಿ ವಿದೇಶದ ಬೇಡಿಕೆ ಬಂದು, ಮಿತಿಮೀರಿ ಹಿಡಿದು, ಇಳುವರಿ ಕುಸಿದಿತ್ತು. ಆಮೇಲೆ ಹಿಡಿಯುವವರು, ವ್ಯಾಪಾರಿಗಳು, ವಿಜ್ಞಾನಿಗಳು ಮತ್ತು ಸರ್ಕಾರ ಕೂಡಿ ನಿಯಮ ಮಾಡಿಕೊಂಡರು: ಮರಿಗಳು ನೆಲೆಯೂರುವ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಿಡಿಯುವಂತಿಲ್ಲ, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಚಿಕ್ಕದಿರಬಾರದು, ಒಂದು ಕಿಲೋ ಮಾಂಸಕ್ಕೆ 1,400ಕ್ಕಿಂತ ಹೆಚ್ಚು ಬಳಚು ಬೇಕಾಗುವಷ್ಟು ಸಣ್ಣದನ್ನು ರಫ್ತು ಮಾಡುವಂತಿಲ್ಲ, ಯಂತ್ರ ಬಳಸುವಂತಿಲ್ಲ. 2014ರಲ್ಲಿ ಅಲ್ಲಿನ ಬಳಚು ಮೀನುಗಾರಿಕೆಗೆ ಸುಸ್ಥಿರತೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದ ಯಾವುದೇ ಮೀನುಗಾರಿಕೆಗೆ ಸಿಕ್ಕ ಮೊದಲ ಪ್ರಮಾಣಪತ್ರ ಅದು. ಅಷ್ಟಮುಡಿಯ ತಿಂಗಳುಗಳನ್ನೇ ಅಘನಾಶಿನಿಗೆ ತಂದು ಹೇರಲಾಗದು. ಮಳೆ, ಉಪ್ಪು, ಮರಿಗಳು ಬರುವ ಕಾಲ ಇವು ಊರಿಂದ ಊರಿಗೆ ಬೇರೆ. ಆದರೆ ನಿಯಮವನ್ನು ಹಿಡಿಯುವವರೇ ಕೂತು ರೂಪಿಸಿದ್ದರಿಂದ ಅದು ನಡೆಯಿತು ಎಂಬುದು ಎಲ್ಲ ಅಳಿವೆಗಳಿಗೂ ಹೊಂದುವ ಪಾಠವೆಂದು ನನಗೆ ತೋರುತ್ತದೆ.

ಗಜನಿ: ಭತ್ತವೂ ಮೀನೂ ಒಂದೇ ಗದ್ದೆಯಲ್ಲಿ

ಭರತದ ನೀರು ಏರಿ ಇಳಿಯುವ ತಗ್ಗು ಭೂಮಿಗೆ ಒಡ್ಡು ಹಾಕಿ, ನೀರನ್ನು ಬೇಕಾದಾಗ ಒಳಗೆ ಬಿಟ್ಟುಕೊಳ್ಳಲು, ಬೇಡವಾದಾಗ ಹೊರಗೆ ಕಳಿಸಲು ಹಲಗೆಯ ಬಾಗಿಲುಗಳನ್ನು ಇಟ್ಟು ಮಾಡಿದ ಗದ್ದೆಗೆ ಗಜನಿ ಎನ್ನುತ್ತಾರೆ. ಜೂನ್, ಜುಲೈ ಮಳೆಗೆ ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಅಲ್ಲಿ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಕಗ್ಗ ಎತ್ತರವಾಗಿ ಬೆಳೆಯುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಬದುಕುತ್ತದೆ, ಸ್ವಲ್ಪ ಉಪ್ಪನ್ನೂ ತಾಳಿಕೊಳ್ಳುತ್ತದೆ. ಗೊಬ್ಬರವನ್ನು ಹೊಳೆಯ ಹೂಳೇ ತಂದು ಹಾಕುತ್ತದೆ. ಔಷಧಿ ಹೊಡೆಯುವ ರೂಢಿಯಿಲ್ಲ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಪ್ಪುನೀರನ್ನು ಒಳಗೆ ಬಿಟ್ಟರೆ ಅದರೊಂದಿಗೆ ಸಿಗಡಿ, ಮೀನಿನ ಮರಿಗಳೂ ಬರುತ್ತವೆ. ಕೂಳೆ ಕೊಳೆತು ಅವಕ್ಕೆ ಆಹಾರವಾಗುತ್ತದೆ. ಮುಂದಿನ ಮಳೆಯವರೆಗೆ ಗದ್ದೆಯಲ್ಲೇ ಮೀನುಗಾರಿಕೆ.

ಇದು ಒಬ್ಬನೇ ಮಾಡುವ ಬೇಸಾಯವಲ್ಲ. ಒಡ್ಡು ಎಲ್ಲರದು, ಬಾಗಿಲು ಎಲ್ಲರದು. ಒಬ್ಬನ ಪಾಲಿನ ಒಡ್ಡು ಒಡೆದರೆ ಇಡೀ ಬಯಲಿಗೆ ಉಪ್ಪು ಹೊಗುತ್ತದೆ. ಆದ್ದರಿಂದ ಬಾಗಿಲು ಯಾವಾಗ ತೆರೆಯಬೇಕು, ಬಿತ್ತನೆ ಯಾವಾಗ, ಒಡ್ಡಿನ ದುರಸ್ತಿಗೆ ಯಾರು ಬರಬೇಕು ಎಂಬುದನ್ನೆಲ್ಲ ಗಜನಿಯ ರೈತರು ಕೂಡಿ ತೀರ್ಮಾನಿಸುತ್ತಿದ್ದರು. ನದಿ ರಕ್ಷಣೆ ಎಂದು ಯಾರೂ ಹೆಸರಿಡದಿದ್ದರೂ ಅದು ನದಿ ರಕ್ಷಣೆಯೇ ಆಗಿತ್ತು.

ಈ ವ್ಯವಸ್ಥೆ ಸಡಿಲವಾದದ್ದಕ್ಕೆ ಕಾರಣಗಳು ಹಲವು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರ ಮಣ್ಣಿನ ಒಡ್ಡುಗಳ ಬದಲು ಕಲ್ಲಿನ ಶಾಶ್ವತ ಒಡ್ಡುಗಳನ್ನು ಕಟ್ಟಿಸಿತು. ಕೂಡಿ ಮಾಡುವ ದುರಸ್ತಿಯ ಅಗತ್ಯ ಕಡಿಮೆಯಾದಂತೆ ಕೂಡಿ ಕೂರುವ ಅಭ್ಯಾಸವೂ ಕಡಿಮೆಯಾಯಿತು. ಆಮೇಲೆ ಸಿಗಡಿಯ ಬೆಲೆ ಏರಿದಾಗ ಗಜನಿಗಳನ್ನು ಗುತ್ತಿಗೆಗೆ ಕೊಟ್ಟು ವರ್ಷವಿಡೀ ಉಪ್ಪುನೀರು ನಿಲ್ಲಿಸುವ ರೂಢಿ ಹಬ್ಬಿತು. ಭತ್ತ ಹಿಂದೆ ಸರಿಯಿತು. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ದೇಶದ ಸಿಗಡಿ ಕೃಷಿಯನ್ನೇ ಅಲುಗಾಡಿಸಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗೆ ತೀವ್ರ ಸಿಗಡಿ ಕೃಷಿಯನ್ನು ನಿಷೇಧಿಸಿ, ಗಜನಿಯಂಥ ಸಾಂಪ್ರದಾಯಿಕ ಪದ್ಧತಿಗಳಿಗೆ ವಿನಾಯಿತಿ ನೀಡಿತು. ಇಂದು ಕುಮಟಾದ ಮಾಣಿಕಟ್ಟಾದಂಥ ಕೆಲವು ಊರುಗಳ ರೈತರು ಕಗ್ಗವನ್ನು ಉಳಿಸಿಕೊಂಡು ಬಂದಿದ್ದಾರೆ. ಕಡಲ ಮಟ್ಟ ಏರುತ್ತಿರುವ ಕಾಲದಲ್ಲಿ ಉಪ್ಪು ತಾಳುವ ಭತ್ತದ ಬೀಜ ಎಷ್ಟು ಬೆಲೆಬಾಳುವುದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಸಾಣಿಕಟ್ಟಾದ ಉಪ್ಪಿನಾಗರಗಳೂ ಇದೇ ಭರತದ ನೀರನ್ನು ನಂಬಿವೆ, ಅವನ್ನು ನಡೆಸುತ್ತಿರುವುದೂ ಸಹಕಾರ ಸಂಘವೇ.

ಕಾಂಡ್ಲಾ ನೆಡುವಾಗ ನೋಡಬೇಕಾದದ್ದು

ಉಪ್ಪು ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಬೇರಿನಿಂದ ಮಣ್ಣನ್ನು ಹಿಡಿದು ಒಡ್ಡುಗಳನ್ನು ಕಾಯುತ್ತವೆ, ಗಾಳಿ ಮತ್ತು ಅಲೆಯ ಹೊಡೆತ ತಗ್ಗಿಸುತ್ತವೆ, ಬೇರಿನ ನಡುವೆ ಮೀನಿನ ಮರಿಗಳಿಗೆ ಆಸರೆ ಕೊಡುತ್ತವೆ. ಅರಣ್ಯ ಇಲಾಖೆ ಊರಿನವರ ಜೊತೆಗೂಡಿ ಅಘನಾಶಿನಿಯ ದಡಗಳಲ್ಲಿ ಕಾಂಡ್ಲಾವನ್ನು ವಿಸ್ತಾರವಾಗಿ ಬೆಳೆಸಿದೆ. ಒಂದು ಎಚ್ಚರ ಮಾತ್ರ ಬೇಕು: ಬಳಚು ಇರುವ ಬತ್ತಲೆ ದಿಬ್ಬದ ಮೇಲೆ ಕಾಂಡ್ಲಾ ನೆಟ್ಟರೆ ಹೂಳು ನಿಂತು ತಳ ಬದಲಾಗಿ ಬಳಚಿಗೆ ಜಾಗವಿಲ್ಲದಂತಾಗುತ್ತದೆ. ಎಲ್ಲಿ ನೆಡಬೇಕು ಎಂಬುದನ್ನು ಬಳಚು ಆರಿಸುವವರನ್ನು ಕೇಳಿಯೇ ನಿರ್ಧರಿಸಬೇಕಾದದ್ದು ಇದಕ್ಕಾಗಿ.

ಘಟ್ಟದ ಮೇಲಿನ ಕಾವಲು

ಬೇಸಗೆಯಲ್ಲಿ ಅಘನಾಶಿನಿ ಬತ್ತದೆ ಹರಿಯುವುದು ಘಟ್ಟದ ಕಾಡಿನ ದೆಸೆಯಿಂದ. ನೀರನ್ನು ಹೀರಿಕೊಂಡು ನಿಧಾನವಾಗಿ ಬಿಡುವ ಕಾಡಿನ ಮಣ್ಣು ಇಲ್ಲದಿದ್ದರೆ ಮಳೆಗಾಲದ ನೆರೆ ಹೆಚ್ಚಿ, ಬೇಸಗೆಯ ಹರಿವು ನಿಲ್ಲುತ್ತದೆ. ಮೇಲ್ಕಂಡ ವಿಜ್ಞಾನಿಗಳ ತಂಡವೇ ಈ ಭಾಗದ ಹಳ್ಳಗಳನ್ನು ಅಳೆದಾಗ, ಜಲಾನಯನದ 60 ಶೇಕಡಕ್ಕಿಂತ ಹೆಚ್ಚು ಭಾಗ ಸಹಜ ಕಾಡಿದ್ದ ಹಳ್ಳಗಳು ವರ್ಷವಿಡೀ ಹರಿಯುತ್ತಿದ್ದವು. ಕಾಡು ಹೋದ ಅಥವಾ ನೆಡುತೋಪಾದ ಕಡೆ ಹಾಗಿರಲಿಲ್ಲ.

ಇಲ್ಲಿನ ಕಾಡಿಗೆ ಜನರ ಕಾವಲು ಹೊಸದಲ್ಲ. ಶಿರಸಿ, ಸಿದ್ದಾಪುರಗಳಲ್ಲಿ ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟವನ್ನು (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡನ್ನು) ಬಳಸುವ ಸವಲತ್ತು ಬ್ರಿಟಿಷರ ಕಾಲದಿಂದ ಇದೆ. ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತರಬಹುದು, ಜೊತೆಗೆ ಬೆಟ್ಟವನ್ನು ನೋಡಿಕೊಳ್ಳಬೇಕು. ಎಲ್ಲ ಬೆಟ್ಟಗಳೂ ಒಂದೇ ಸಮನಾಗಿ ಉಳಿದಿಲ್ಲ. ದೇವರ ಕಾನುಗಳಲ್ಲಿ ಮರ ಕಡಿಯಲು ಊರೇ ಬಿಡುತ್ತಿರಲಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನ ಕಳಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತದ್ದು ಅಪ್ಪಿಕೊ ಚಳವಳಿಯ ಆರಂಭವಾಯಿತು. ಪಾಂಡುರಂಗ ಹೆಗಡೆ ಅದನ್ನು ಮುಂದೆ ಹಲವು ಜಿಲ್ಲೆಗಳಿಗೆ ಒಯ್ದರು. ಅದೇ ಕಾಲದಲ್ಲಿ ಬೇಡ್ತಿ (ಗಂಗಾವಳಿಯ ಮೇಲ್ಭಾಗದ ಹೆಸರು) ಜಲವಿದ್ಯುತ್ ಯೋಜನೆಯ ವಿರುದ್ಧ ತೋಟಿಗರು ವಿಜ್ಞಾನಿಗಳನ್ನು ಕರೆಸಿ, ಯೋಜನೆಯ ಲಾಭನಷ್ಟವನ್ನು ಅಂಕಿಗಳಲ್ಲೇ ಚರ್ಚಿಸಿದರು. ಬರಿಯ ಘೋಷಣೆಗೆ ನಿಲ್ಲದೆ ಲೆಕ್ಕ ಮುಂದಿಡುವ ಈ ಪದ್ಧತಿ ಜಿಲ್ಲೆಯ ಎಲ್ಲ ನದಿ ಹೋರಾಟಗಳಿಗೂ ಮಾದರಿಯಾಯಿತು. ಇಂದು ಸ್ವರ್ಣವಲ್ಲಿ ಮಠದ ಗಂಗಾಧರೇಂದ್ರ ಸರಸ್ವತೀ ಸ್ವಾಮೀಜಿಯವರ ನೇತೃತ್ವದ ಬೇಡ್ತಿ-ಅಘನಾಶಿನಿ ಕೊಳ್ಳ ಸಂರಕ್ಷಣಾ ಸಮಿತಿ ಅದನ್ನು ಮುಂದುವರಿಸಿದೆ.

ಇಲ್ಲಿ ಸಂರಕ್ಷಣಾ ಮೀಸಲು ಮತ್ತು ಅಭಯಾರಣ್ಯ ಎಂಬ ಎರಡು ಪದಗಳನ್ನು ಬೇರ್ಪಡಿಸಿ ನೋಡಬೇಕು. 2011ರಲ್ಲಿ ಸಿಂಗಳೀಕಗಳಿರುವ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಇದು ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಿಂದ ಬಂದ ವರ್ಗ: ಸರ್ಕಾರಿ ಕಾಡನ್ನು ಸುತ್ತಲಿನ ಜನರೊಡನೆ ಸಮಾಲೋಚಿಸಿ ಘೋಷಿಸಬೇಕು, ಅದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳು ಇರಬೇಕು. ಅಭಯಾರಣ್ಯದ ನಿರ್ಬಂಧಗಳು ಇದಕ್ಕಿಂತ ಬಿಗಿ. 2019ರಲ್ಲಿ ಈ ಮೀಸಲು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಸೇರಿ 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವಾಯಿತು. ಕಾಡಿಗೆ ಕಾನೂನಿನ ಬಲ ಹೆಚ್ಚಿತು. ತಮ್ಮ ಓಡಾಟ ಮತ್ತು ಬಳಕೆಯ ಕುರಿತ ಚಿಂತೆಯೂ ಒಳಗಿನ ಹಳ್ಳಿಗಳಲ್ಲಿ ಹೆಚ್ಚಿತು.

ತದಡಿಯಲ್ಲಿ ಆಗದೆ ಉಳಿದ ಯೋಜನೆಗಳು

ಅಳಿವೆಯ ಬಾಯಿಯಲ್ಲಿರುವ ತದಡಿಯಲ್ಲಿ ದಶಕಗಳ ಹಿಂದೆಯೇ ಕೈಗಾರಿಕೆಗಾಗಿ ಜಮೀನು ಸ್ವಾಧೀನವಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂತು. ಅಂಥ ಸ್ಥಾವರ ತಂಪಾಗಿಸಲು ಅಪಾರ ನೀರು ಎಳೆದು ಬಿಸಿಯಾಗಿ ಹೊರಬಿಡುತ್ತದೆ, ಬೂದಿಯನ್ನು ಎಲ್ಲಾದರೂ ಹಾಕಲೇಬೇಕು. ಬಳಚಿಗೂ ಸಿಗಡಿಯ ಮರಿಗೂ ಇವೆರಡೂ ಆಗದು. ಮೀನುಗಾರರು, ಬಳಚು ಆರಿಸುವವರು, ಗಜನಿ ರೈತರು ವಿರೋಧಿಸಿದರು. ಅಳಿವೆ ಈಗಾಗಲೇ ಎಷ್ಟು ದುಡಿಯುತ್ತಿದೆ ಎಂಬುದನ್ನು ವಿಜ್ಞಾನಿಗಳು ರೂಪಾಯಿಯಲ್ಲೇ ಲೆಕ್ಕ ಹಾಕಿ ತೋರಿಸಿದರು. ಯೋಜನೆ ಮುಂದುವರಿಯಲಿಲ್ಲ. ಬಳಿಕ ದೊಡ್ಡ ವಾಣಿಜ್ಯ ಬಂದರಿನ ಯೋಜನೆ ಬಂತು. ದೊಡ್ಡ ಹಡಗು ಬರಬೇಕಾದರೆ ಹೊಳೆಯ ಬಾಯನ್ನು ಆಳಕ್ಕೆ ಅಗೆದು, ಮತ್ತೆ ಮತ್ತೆ ಹೂಳೆತ್ತುತ್ತಲೇ ಇರಬೇಕು. ಅದಕ್ಕೂ ವಿರೋಧ ಬಂತು, ಇಂದಿಗೂ ತದಡಿಯಲ್ಲಿ ಇರುವುದು ಮೀನುಗಾರಿಕಾ ಬಂದರು ಮಾತ್ರ.

ರಾಮ್‌ಸಾರ್ ಮಾನ್ಯತೆಯ ಬಲ ಎಷ್ಟು?

1971ರ ಫೆಬ್ರವರಿ 2ರಂದು ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಜೌಗು ಪ್ರದೇಶಗಳ ಕುರಿತು ದೇಶಗಳು ಮಾಡಿಕೊಂಡ ಒಪ್ಪಂದದಿಂದ ಈ ಹೆಸರು ಬಂದಿದೆ. ಪಟ್ಟಿಗೆ ಸೇರಿಸಿದ ಜಾಗದ ಪರಿಸರ ಗುಣ ಕೆಡದಂತೆ ನೋಡಿಕೊಳ್ಳುವುದಾಗಿ ದೇಶ ಮಾತು ಕೊಡುತ್ತದೆ. ಇದರರ್ಥ ಜನರನ್ನು ಹೊರಗಿಡುವುದಲ್ಲ. ವಿವೇಕದ ಬಳಕೆ ಎಂಬುದೇ ಒಪ್ಪಂದದ ತಿರುಳು. ಅಘನಾಶಿನಿಯನ್ನು ಪಟ್ಟಿಗೆ ಸೇರಿಸುವಾಗ ಅಲ್ಲಿನ 66 ಬಗೆಯ ನೀರುಹಕ್ಕಿಗಳನ್ನು ಹೇಳಿದಂತೆಯೇ, ಮೀನು, ಬಳಚು, ಏಡಿ, ಗಜನಿ, ಉಪ್ಪುಗಳಿಂದ ಬದುಕುವ 6,000ದಿಂದ 7,500 ಕುಟುಂಬಗಳನ್ನೂ ಹೇಳಲಾಗಿದೆ.

ಆದರೆ ಮಾನ್ಯತೆ ತಾನಾಗಿಯೇ ಯಾವ ಯೋಜನೆಯನ್ನೂ ತಡೆಯುವುದಿಲ್ಲ. ಉಲ್ಲಂಘಿಸಿದವರಿಗೆ ದಂಡ ಹಾಕುವ ಅಂತರರಾಷ್ಟ್ರೀಯ ನ್ಯಾಯಾಲಯವಿಲ್ಲ. ದೇಶದೊಳಗೆ 2017ರ ಜೌಗು ಪ್ರದೇಶ ನಿಯಮಗಳು ಭೂಪರಿವರ್ತನೆ, ಹೊಸ ಕೈಗಾರಿಕೆ, ಕಸ ಸುರಿಯುವುದನ್ನು ನಿಷೇಧಿಸುತ್ತವೆ. ಆದರೆ ಕರಾವಳಿ ನಿಯಂತ್ರಣ ವಲಯದೊಳಗೆ ಬರುವ ಜೌಗು ಪ್ರದೇಶಗಳನ್ನು ಅವೇ ನಿಯಮಗಳು ಹೊರಗಿಟ್ಟಿವೆ. ಆದ್ದರಿಂದ ಅಳಿವೆಗೆ ದಿನನಿತ್ಯದ ಕಾನೂನಿನ ರಕ್ಷಣೆ ಮುಖ್ಯವಾಗಿ ಕರಾವಳಿ ಅಧಿಸೂಚನೆಯಿಂದಲೇ ಬರಬೇಕು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಪಟ್ಟಿಯಲ್ಲಿರುವುದು ಅಳಿವೆ ಮಾತ್ರ. ಅದನ್ನು ಅಳಿವೆಯಾಗಿ ಉಳಿಸುವ ಮೇಲಿನ ನದಿ ಆ ಗಡಿಯ ಹೊರಗಿದೆ.

ನೀರು ತಿರುಗಿಸಿದರೆ?

ಬಯಲುಸೀಮೆಯ ಜಿಲ್ಲೆಗಳಲ್ಲಿ ಕುಡಿಯುವ ನೀರಿಗೆ ನಿಜವಾದ ಕಷ್ಟವಿದೆ. ಯೋಜನೆ ಬೇಕೆನ್ನುವವರು ಮುಂದಿಡುವ ಮಾತು ಅದು, ಅದನ್ನು ಹಗುರವಾಗಿ ಕಾಣಲಾಗದು. ಮಳೆಗಾಲದ ಹೆಚ್ಚುವರಿ ನೀರನ್ನಷ್ಟೇ ಒಯ್ಯುತ್ತೇವೆ ಎಂಬುದು ಅವರ ವಾದ. ಅಳಿವೆಯ ಕಡೆಯಿಂದ ನೋಡಿದಾಗ ಪ್ರಶ್ನೆ ಬೇರೆಯಾಗುತ್ತದೆ. ಮಳೆಗಾಲದ ನೆರೆಯೇ ಗಜನಿಯ ಉಪ್ಪನ್ನು ತೊಳೆಯುತ್ತದೆ, ಹೂಳನ್ನು ತಂದು ಗದ್ದೆಗೂ ದಿಬ್ಬಕ್ಕೂ ಹಾಕುತ್ತದೆ, ಮರಳನ್ನು ಕಡಲತೀರಕ್ಕೆ ಒಯ್ಯುತ್ತದೆ, ಕಾಡಿನ ಪೋಷಕಾಂಶಗಳನ್ನು ಕಡಲಿಗೆ ತಲುಪಿಸಿ ಅಲ್ಲಿನ ಮೀನಿನ ಆಹಾರವನ್ನು ಬೆಳೆಸುತ್ತದೆ. ನದಿ ಯೋಜನೆಯ ಕಾಗದದಲ್ಲಿ ಹೆಚ್ಚುವರಿ ಎಂದು ಬರೆದಿರುವ ನೀರು ಈ ಕೆಲಸಗಳನ್ನೆಲ್ಲ ಮಾಡುತ್ತಿರುತ್ತದೆ. ಘಟ್ಟದಲ್ಲಿ ತಡೆಗೋಡೆ, ಕೊಳವೆ, ರಸ್ತೆಗಳಿಗಾಗಿ ಕಾಡು ಹೋದರೆ ಬೇಸಗೆಯ ಹರಿವೂ ತಗ್ಗಬಹುದು. ಹಾಗಾಗಿ ನೀರು ತಿರುಗಿಸುವ ಯಾವುದೇ ಯೋಜನೆಯ ಪರಿಸರ ಅಧ್ಯಯನವು ತಡೆಗೋಡೆಯ ಸುತ್ತಲಿನ ಕೆಲವು ಕಿಲೋಮೀಟರಿಗೆ ನಿಲ್ಲದೆ ತದಡಿಯವರೆಗೆ ಬರಬೇಕೆಂಬ ಬೇಡಿಕೆ ಅತಿರೇಕದ್ದಲ್ಲ.

ಊರಿನ ಕೈಯಲ್ಲಿರುವ ಸಾಧನಗಳು

ದೊಡ್ಡ ಯೋಜನೆಗೆ ಪರಿಸರ ಅನುಮತಿ ಸಿಗುವ ಮೊದಲು ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ಏರ್ಪಡಿಸಬೇಕು, ಕನಿಷ್ಠ 30 ದಿನ ಮೊದಲು ಪ್ರಕಟಣೆ ನೀಡಬೇಕು, ಯೋಜನೆಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಅಲ್ಲಿ ಹೇಳಿದ್ದು, ಬರೆದು ಕೊಟ್ಟದ್ದು ಎಲ್ಲವೂ ದಾಖಲೆಯಾಗುತ್ತದೆ. ಎಷ್ಟು ಕುಟುಂಬ, ಎಷ್ಟು ಬುಟ್ಟಿ, ಯಾವ ತಿಂಗಳು ಎಂಬ ವಿವರವನ್ನು ಒಳಗೊಂಡ ಒಂದು ಪುಟದ ಮನವಿಗೆ ಮುಂದೆ ನ್ಯಾಯಮಂಡಳಿಯಲ್ಲೂ ಬೆಲೆಯಿರುತ್ತದೆ.

ಇನ್ನೊಂದು ಸಾಧನ 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ. ಊರಿನ ಜೀವಿಗಳು, ಅವುಗಳ ಬಳಕೆ, ಅವುಗಳ ಕುರಿತ ತಿಳಿವಳಿಕೆ ಇವನ್ನೆಲ್ಲ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸುವುದು ಅದರ ಕೆಲಸ. ದೋಣಿಗೆ ನೋಂದಣಿಯಿದೆ, ಗದ್ದೆಗೆ ಪಹಣಿಯಿದೆ. ಬಳಚು ಆರಿಸುವ ಹೆಣ್ಣುಮಕ್ಕಳ ಕಸುಬಿಗೆ ಅಂಥ ಯಾವ ಕಾಗದವೂ ಇಲ್ಲ. ಹೀಗಾಗಿ ಯೋಜನೆಯಿಂದ ತೊಂದರೆಗೊಳಗಾಗುವವರ ಪಟ್ಟಿ ಮಾಡುವಾಗ ಅವರೇ ಮೊದಲು ಬಿಟ್ಟುಹೋಗುತ್ತಾರೆ. ಯಾವ ದಿಬ್ಬದಲ್ಲಿ ಯಾವ ಬಳಚು, ಯಾವ ಹುಣ್ಣಿಮೆಯ ಇಳಿತಕ್ಕೆ ಎಷ್ಟು ಸಿಗುತ್ತದೆ, ಹತ್ತು ವರ್ಷದ ಹಿಂದೆ ಎಷ್ಟು ಸಿಗುತ್ತಿತ್ತು ಎಂಬುದನ್ನು ಅವರಷ್ಟು ಖಚಿತವಾಗಿ ಬಲ್ಲವರು ಬೇರೆ ಯಾರೂ ಇಲ್ಲ. ಅಳಿವೆಯ ಸುತ್ತಲಿನ ಪಂಚಾಯಿತಿಗಳು ತಮ್ಮ ದಾಖಲಾತಿಯನ್ನು ಪರಿಷ್ಕರಿಸುವಾಗ ಈ ಹೆಂಗಸರನ್ನು ಕೂರಿಸಿಕೊಂಡು, ಅವರ ಹೆಸರು, ಅವರು ಹೇಳುವ ಜಾಗ, ಕಾಲ ಮತ್ತು ಪ್ರಮಾಣಗಳನ್ನು ಬರೆದುಕೊಳ್ಳಲು ಯಾವ ಇಲಾಖೆಯ ಅನುಮತಿಯೂ ಬೇಕಾಗಿಲ್ಲ.